ಗಗನಯಾತ್ರಿಯ ಗೊರಗೊರ ದನಿ

ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದವನು ನಾನು. ಲೈಸೆನ್ಸ್ ಪಡೆದು ಹವ್ಯಾಸಕ್ಕೆಂದು ನಡೆಸುವ ಹ್ಯಾಮ್ ರೇಡಿಯೊ ಒಂದಿದೆ. ಬಾಹ್ಯಾಕಾಶ ನಿಲ್ದಾಣ ನಮ್ಮ ದಾವಣಗೆರೆ ಮೇಲೆ ಹಾದುಹೋಗುವಾಗ ಅಲ್ಲಿನವರ ಮಾತು ಅಪರೂಪಕ್ಕೆ ಅದರಲ್ಲಿ ಸಿಗುತ್ತದೆ. ದನಿ ಗೊರಗೊರ. ಆದರೂ ಕೇಳಿದರೆ ಮೈ ಜುಮ್ಮೆನ್ನುತ್ತದೆ, ನನಗೊಬ್ಬನಿಗೆ. ಉಳಿದವರದು ಬೇರೆಯೇ ಕಥೆ, ಅದೂ ಪ್ರತಿ ಸಲ.

ಪಕ್ಕದ ಮನೆ

ನಿಟ್ಟುವಳ್ಳಿಯ ನಮ್ಮ ತಾರಸಿ ಮೇಲೆ ಆಂಟೆನಾ ಹಿಡಿದು ನಿಂತಿದ್ದೆ. ದನಿ ಬಂತು. ಪಕ್ಕದ ತಾರಸಿಯಲ್ಲಿದ್ದ ಬಟ್ಟೆ ಅಂಗಡಿ ಸಾಹುಕಾರರಿಗೆ, "ಕೇಳ್ರಿ, ಬಾಹ್ಯಾಕಾಶದಿಂದ ಮಾತಾಡ್ತಿದಾರೆ!" ಅಂದೆ.

ಕಿವಿಗೊಟ್ಟರು. "ನೆಗಡಿ ಆದೋರ ಥರ ಐತಲ್ರಿ ಮೇಷ್ಟ್ರೆ."

"ಅಷ್ಟು ದೂರದಿಂದ ಬರಬೇಕಲ್ರಿ."

"ಅದಿರ್ಲಿ. ನಿಮ್ಮ ಟ್ಯಾಂಕ್ ತುಂಬಿ ನಮ್ಮ ಗೋಡೆಗೆ ನೀರು ಸುರೀತೈತೆ ಅಂತ ಆಗ್ಲಿಂದ ಕೂಗ್ತಿದೀನಿ. ಆಕಾಶದಾಗಿರೋರ ಮಾತು ಕೇಳಿಸ್ತೈತೆ, ನಂದು ಕೇಳಿಸಲ್ಲ?"

ಸ್ಪಷ್ಟ ದನಿ

ಒಂದು ಕಾಲೇಜಿನಲ್ಲಿ ಉಪನ್ಯಾಸ ಕೊಟ್ಟು, ನಾನೇ ರೆಕಾರ್ಡ್ ಮಾಡಿದ್ದ ಗಗನಯಾತ್ರಿಯ ಮಾತು ಕೇಳಿಸಿದೆ. ದನಿ ಗೊರಗೊರ ಅಂತ ಪ್ರಾಂಶುಪಾಲರು ಮೈಕ್‌ಸೆಟ್ಟಿನವನಿಗೆ ಬೈದರು. ತಪ್ಪು ಅವನದಲ್ಲ ಅಂದರೂ ಬಿಡಲಿಲ್ಲ.

ಮರುವರ್ಷ ಮತ್ತೆ ಕರೆದರು. "ಈ ಸಲ ಆಡಿಯೋ ನೀವು ತರಬ್ಯಾಡ್ರಿ, ನಾವೇ ವ್ಯವಸ್ಥೆ ಮಾಡೀವಿ." ಹಾಕಿದರು: ಗಂಭೀರ ಕಂಠ, ಎಕೋ, ಹಿನ್ನೆಲೆಗೆ ಕೊಳಲು. ಇಂಗ್ಲಿಷ್ ವಿಭಾಗದವರೊಬ್ಬರು ಸ್ಟುಡಿಯೋಗೆ ಹೋಗಿ ಗಗನಯಾತ್ರಿಯ ಮಾತನ್ನು ಓದಿ ಬಂದದ್ದಂತೆ. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಪ್ರಾಂಶುಪಾಲರ ಹತ್ತಿರ ಹೋಗಿ, "ಇದು ಅಸಲಿ ಅಲ್ರಿ" ಅಂದೆ.

"ಗೊತ್ತು ಬಿಡ್ರಿ ಸರ್. ಅಸಲಿ ಕೇಳೋ ಹಂಗಿದ್ರೆ ನಾವ್ಯಾಕ ಇಷ್ಟು ತ್ರಾಸ ತಗೋತಿದ್ವಿ?"

ಹರಿಹರದ ಶಾಲೆ

ಹರಿಹರದ ಒಂದು ಶಾಲೆಯ ಮಕ್ಕಳಿಗೆ ನನ್ನ ರೇಡಿಯೊ ಮೂಲಕ ಗಗನಯಾತ್ರಿಯ ಜತೆ ನೇರ ಮಾತಾಡಲು ಎಷ್ಟೋ ಕಾಲ ಕಾದ ಮೇಲೆ ಅವಕಾಶ ಸಿಕ್ಕಿತ್ತು. ನಿಲ್ದಾಣ ತಲೆ ಮೇಲೆ ಇರುವುದು ಹತ್ತೇ ನಿಮಿಷ. ಪ್ರಶ್ನೆ ಕೇಳಲು ಆಯ್ಕೆಯಾದ ಹುಡುಗಿ ಗೊರಗೊರದ ನಡುವೆ ಮಾತು ಹಿಡಿಯುವುದನ್ನು ನನ್ನ ರೆಕಾರ್ಡಿಂಗ್ ಕೇಳಿ ಕೇಳಿ ಕಲಿತಿದ್ದಳು.

ಮುಖ್ಯ ಅತಿಥಿ ತಡವಾಗಿ ಬಂದರು. ಬಂದವರೇ ಮೈಕ್ ಹಿಡಿದರು. ನಾನು ಗಡಿಯಾರ ತೋರಿಸಿದೆ, ಕೈ ಮುಗಿದೆ. "ಎರಡೇ ಮಾತು" ಅಂದವರು ನಮ್ಮ ಪೂರ್ವಜರ ವಿಮಾನಗಳಿಂದ ಶುರು ಮಾಡಿದರು. ಅಷ್ಟರಲ್ಲಿ ಸ್ಪೀಕರಿನಲ್ಲಿ ಗಗನಯಾತ್ರಿ ಶಾಲೆಯ ಹೆಸರು ಹಿಡಿದು ಕರೆದರು. ಹುಡುಗಿ ಧಡಕ್ಕನೆ ಎದ್ದು ನಿಂತಳು.

"ಯಾರ್ರೀ ಅದು ಮಧ್ಯ ಬಾಯಿ ಹಾಕೋದು? ಸೌಂಡ್ ಕಡಿಮೆ ಮಾಡ್ರಿ!" ಅಂದರು ಅತಿಥಿ. ಹೆಡ್‌ಮಾಸ್ಟರ್ ಓಡಿ ಹೋಗಿ ಸ್ಪೀಕರ್ ಆರಿಸಿಯೇಬಿಟ್ಟರು.

ಭಾಷಣ ಮುಗಿಯಿತು. ಸ್ಪೀಕರ್ ಹಾಕಿದೆವು. ಹುಡುಗಿ ತನ್ನ ಪ್ರಶ್ನೆ ಕೇಳಿದಳು. ಬರೀ ಸುಯ್ ಅನ್ನುವ ಸದ್ದು.

"ದಾಟಿ ಹೋದ್ರು" ಅಂದೆ.

"ಇಲ್ಲೇ ಎಲ್ಲೋ ಇರ್ತಾರೆ, ಒಂದು ಫೋನ್ ಮಾಡಿ ನಿಲ್ಲಕ್ಕೆ ಹೇಳ್ರಿ" ಅಂದರು ಅತಿಥಿ, ಹಾರ ಸರಿಮಾಡಿಕೊಳ್ಳುತ್ತ.

ಎಲ್ಲರೂ ತಿಂಡಿಗೆ ಎದ್ದರು. ಹುಡುಗಿ ಮಾತ್ರ ಅಲ್ಲೇ ಕೂತಿದ್ದಳು. ನಾನು ಆಂಟೆನಾ ಬಿಚ್ಚತೊಡಗಿದೆ. ಅವಳೇ ಕೇಳಿದಳು:

"ಸರ್, ಈ ಭಾಷಣ ಮೇಲಿರೋರಿಗೆ ಕೇಳಿಸಿರ್ತೈತಾ?"

"ಇಲ್ಲಮ್ಮ."

"ಪುಣ್ಯವಂತರು ಸರ್."