ಅಪ್ಪ ಇರುವಾಗಲೇ ತೆಗೆದ ಮೀಸೆ

ಬಣ್ಣ ಹಚ್ಚುವವನಿಗೆ ರಂಗದ ಮೇಲೆ ಆಗುವ ಫಜೀತಿ ಒಂದು ಪಾಲಾದರೆ, ಕೆಳಗೆ ಇಳಿದ ಮೇಲೆ ಆಗುವುದು ಮೂರು ಪಾಲು. ನಾನು ಎಷ್ಟೋ ವರ್ಷಗಳಿಂದ ತುಳು ನಾಟಕಗಳಲ್ಲಿ, ಈಚೆಗೆ ಸಿನಿಮಾ, ಧಾರಾವಾಹಿಗಳಲ್ಲೂ ಸಣ್ಣಪುಟ್ಟ ಪಾತ್ರ ಮಾಡಿಕೊಂಡು ಬಂದವನು. ರಾಮಕುಂಜದ ಹತ್ತಿರ ಮನೆ. ಪುತ್ತೂರಿನಿಂದ ಸುಳ್ಯದವರೆಗೆ ಜನ ಗುರುತು ಹಿಡಿಯುತ್ತಾರೆ, ಹೆಸರು ಮಾತ್ರ ಯಾರಿಗೂ ನೆನಪಾಗುವುದಿಲ್ಲ. "ಆ ದಪ್ಪ ಮೀಸೆಯವರಲ್ವಾ?" ಎನ್ನುತ್ತಾರೆ.

ನನ್ನ ಒಂದೇ ಒಂದು ನಾಟಕವನ್ನೂ ನೋಡದೆ ಉಳಿದವರೆಂದರೆ ನನ್ನ ಅಪ್ಪ. "ಸುಳ್ಳು ಹೇಳುದಕ್ಕೆ ಬಣ್ಣ ಬೇರೆ ಹಚ್ಚಬೇಕಾ?" ಎಂಬುದು ಅವರ ಪ್ರಶ್ನೆ. ಊರೆಲ್ಲ ಚಪ್ಪಾಳೆ ತಟ್ಟಿದರೂ, ಇವರೊಬ್ಬರು ಒಮ್ಮೆ ಬಂದು ಕುಳಿತು ನೋಡಲಿ, ಅಡ್ಡಿಲ್ಲ ಅಂತ ಒಂದು ಮಾತು ಹೇಳಲಿ ಎಂದು ನನಗೆ ಆಸೆ. ಅದೇನು ದೊಡ್ಡ ಆಸೆಯಲ್ಲ. ಆದರೆ ಅಪ್ಪನದು ಸಣ್ಣ ಹಟವೂ ಅಲ್ಲ.

ಸಾಯುವ ಮೊದಲು ಸನ್ಮಾನ

ಸುಳ್ಯದ ಕಡೆ ಒಂದು ಯುವಕ ಮಂಡಲದ ವಾರ್ಷಿಕೋತ್ಸವ. ನಾಟಕದಲ್ಲಿ ನಾನು ಕಾಯಿಲೆ ಬಿದ್ದ ಯಜಮಾನ. ಕೊನೆಯ ದೃಶ್ಯದಲ್ಲಿ ಮಂಚದ ಮೇಲೆ ಮಲಗಿ, ಮಕ್ಕಳನ್ನು ಹತ್ತಿರ ಕರೆದು, ನಾಲ್ಕು ಮಾತು ಹೇಳಿ ಸಾಯಬೇಕು. ನಮ್ಮ ಕಡೆ ನಾಟಕದ ನಡುವೆ ಸನ್ಮಾನ ಇಟ್ಟುಕೊಳ್ಳುವ ವಾಡಿಕೆ ಉಂಟು. ಮುಖ್ಯ ಅತಿಥಿ ತಡವಾದರೆ ಅವರು ಬಂದ ಹೊತ್ತೇ ಮುಹೂರ್ತ. "ಮಕ್ಕಳೇ..." ಎಂದು ನಾನು ನಡುಗುವ ಕೈ ಎತ್ತುವುದಕ್ಕೂ ಅವರ ಕಾರು ಬಂದು ನಿಲ್ಲುವುದಕ್ಕೂ ಸರಿಯಾಯಿತು.

ಕಾರ್ಯದರ್ಶಿ ಮೈಕು ಹಿಡಿದು ರಂಗಕ್ಕೆ ಬಂದೇಬಿಟ್ಟರು. ನನ್ನ ಕಿವಿಗೆ ಬಗ್ಗಿ, "ಸ್ವಲ್ಪ ಹಾಗೇ ಇರಿ ಮಾರಾಯ್ರೆ, ಈಗ ಸಾಯ್ಬೇಡಿ" ಎಂದರು. ಕುರ್ಚಿಗಳು ಬಂದವು, ಭಾಷಣಗಳಾದವು. ನಾನು ಪಾತ್ರ ಬಿಡಬಾರದೆಂದು ಮಂಚದಲ್ಲೇ ಕೆಮ್ಮುತ್ತಾ ಮಲಗಿದ್ದೆ. ಕೊನೆಗೆ ಹಿರಿಯ ಕಲಾವಿದರಿಗೆ ಸನ್ಮಾನವೆಂದು ನನ್ನನ್ನೇ ಎಬ್ಬಿಸಿ ಕೂರಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆದು, ಪುನಃ ಮಲಗಿಸಿ ಇಳಿದು ಹೋದರು. ಬುಟ್ಟಿಯನ್ನು ಎಲ್ಲಿಡುವುದೆಂದು ತಿಳಿಯದೆ ಎದೆಗೆ ಅಪ್ಪಿಕೊಂಡೇ ಮಕ್ಕಳಿಗೆ ಬುದ್ಧಿ ಹೇಳಿ ಸತ್ತೆ.

ಮಕ್ಕಳ ಪಾತ್ರದವರು ಗೋಳೋ ಎಂದು ಅಳತೊಡಗಿದರು. ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದವರಿಗೆ ಹೇಳಿದ್ದು ಸತ್ತ ನನಗೂ ಕೇಳಿಸಿತು.

"ಅಷ್ಟು ಹಣ್ಣು ಉಂಟಲ್ಲ, ಒಂದಾದ್ರೂ ತಿಂದಿದ್ರೆ ಬದುಕ್ತಿದ್ರು ಪಾಪ."

ಅತ್ತೆಯ ಕೊಡೆ

ಸಂಪಾಜೆಯಲ್ಲಿ ಒಂದು ಸಿನಿಮಾ ಶೂಟಿಂಗ್. ನಾನು ಖಳನಾಯಕನ ಬಂಟ. ನಾಯಕನ ತಂಗಿಯನ್ನು ರಸ್ತೆ ಬದಿಯಿಂದ ಜೀಪಿಗೆ ಎಳೆದು ಹಾಕುವುದು ನನ್ನ ಕೆಲಸ. ಸಹಜವಾಗಿ ಬರಲಿ ಎಂದು ನಿರ್ದೇಶಕರು ಕ್ಯಾಮರಾವನ್ನು ಪೊದೆಯ ಹಿಂದೆ ಅಡಗಿಸಿಟ್ಟಿದ್ದರು. ನಾನು ಎಳೆದೆ, ಹುಡುಗಿ ಕಿರುಚಿದಳು, ಸುಳ್ಯದಿಂದ ಬಂದ ಬಸ್ಸೊಂದು ಗಕ್ಕನೆ ನಿಂತಿತು. ಮೊದಲು ಇಳಿದವರು ಸಂಪಾಜೆಗೆ ಕೊಟ್ಟ ನನ್ನ ಸೋದರತ್ತೆ, ಅಪ್ಪನ ತಂಗಿ.

"ಅಯ್ಯೋ, ನೀನಾ! ನಾಟಕ ಅಂತ ಹೇಳಿ ಮನೆಯಿಂದ ಹೊರಟು ನೀನು ಮಾಡುದು ಈ ಕೆಲಸವಾ?" ಎಂದು ಕೊಡೆಯಲ್ಲಿ ಬಾರಿಸಿದರು.

"ಅತ್ತೆ, ಕ್ಯಾಮರಾ ಉಂಟು!" ಎಂದೆ.

"ಇರ್ಲಿ, ಎಲ್ಲರೂ ನೋಡ್ಲಿ!" ಎಂದು ಇನ್ನೆರಡು ಕೊಟ್ಟು, ಹುಡುಗಿಯನ್ನು ಬಸ್ಸಿಗೆ ಹತ್ತಿಸಿದರು. ನಿರ್ದೇಶಕರು ಕಟ್ ಹೇಳಲೇ ಇಲ್ಲ. ಆಮೇಲೆ ಅತ್ತೆಯ ಒಪ್ಪಿಗೆ ಪಡೆದು ದೃಶ್ಯವನ್ನು ಹಾಗೆಯೇ ಇಟ್ಟುಕೊಂಡರು. ಸಿನಿಮಾ ಬಂದಾಗ ಪರದೆ ತುಂಬ ಅತ್ತೆ, ನನ್ನದು ಒಂದು ಮೊಣಕೈ.

ಸುದ್ದಿ ಅಪ್ಪನಿಗೂ ಮುಟ್ಟಿತು. "ಹೇಗುಂಟಂತೆ ಸಿನಿಮಾ?" ಎಂದು ಅವರು ಜೀವಮಾನದಲ್ಲಿ ಮೊದಲ ಸಲ ಕೇಳಿದಾಗ ನನ್ನ ಎದೆ ಉಬ್ಬಿತು. ಆ ದೃಶ್ಯ ಬಹಳ ಚೆನ್ನಾಗಿದೆಯಂತೆ ಎಂದೆ.

"ಆಗದೆ ಎಂತ? ನನ್ನ ತಂಗಿ ಅಲ್ವಾ!" ಎಂದರು ಅಪ್ಪ.

ನನಗೆ ಯಾರೂ ಹೇಳ್ಲಿಲ್ಲ

ಕೊನೆಗೊಮ್ಮೆ ಮೊಣಕೈಗಿಂತ ದೊಡ್ಡ ಪಾತ್ರ ಸಿಕ್ಕಿತು. ತಂದೆಯನ್ನು ಕಳೆದುಕೊಂಡ ಮಗನ ಪಾತ್ರ. ನಮ್ಮಲ್ಲಿ ಅಪ್ಪ ತೀರಿಹೋದರೆ ಮಗ ತಲೆ ಬೋಳಿಸಿ ಮೀಸೆ ತೆಗೆಯಬೇಕು. ಅಪ್ಪ ಇರುವಾಗ ಮೀಸೆಗೆ ಕತ್ತಿ ತಾಗಿಸುವಂತಿಲ್ಲ. ನಿರ್ದೇಶಕರು ಮಾತ್ರ ನಿಜವಾಗಿ ಬೋಳಿಸಲೇಬೇಕು ಎಂದರು. ಕಲೆಗಾಗಿ ಎಂದುಕೊಂಡು ಕಣ್ಣುಮುಚ್ಚಿ ಕೂತೆ.

ಶೂಟಿಂಗ್ ಮುಗಿಸಿ ಮರುದಿನ ಬೆಳಿಗ್ಗೆ ಮಂಗಳೂರಿನಲ್ಲಿ ಊರಿನ ಬಸ್ಸು ಹತ್ತಿದೆ. ಪರಿಚಯದ ಕಂಡಕ್ಟರು ನನ್ನ ಮುಖ ನೋಡಿ ಭುಜ ತಟ್ಟಿ ಹೋದರು. ನನಗೆ ನಿದ್ದೆ ಹತ್ತಿತು. ಪುತ್ತೂರಿನ ಹತ್ತಿರ ಕಬಕದಲ್ಲಿ ಎಚ್ಚರವಾದಾಗ ಗುರುತಿನವರೆಲ್ಲ ತಗ್ಗಿದ ಸ್ವರದಲ್ಲಿ ಫೋನಿನಲ್ಲಿದ್ದರು. ನನಗೇನೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಮೊಬೈಲಿಗೆ ರೇಂಜ್ ಇಲ್ಲದ ಕಾರಣ ಮನೆಗೆ ಫೋನು ಮಾಡಿ ಕೇಳಿ ನೋಡುವ ದಾರಿಯೂ ಅವರಿಗೆ ಇರಲಿಲ್ಲ.

ಮುಂದಿನದನ್ನು ಹೆಂಡತಿ ಹೇಳಿದ್ದು. ಅಪ್ಪ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರಂತೆ. ಸುದ್ದಿ ಕೇಳಿ ಓಡಿಬಂದ ಸಂಪಾಜೆಯ ಅತ್ತೆ ಜೀಪಿನಿಂದ ಇಳಿದವರೇ ತಲೆ ತಗ್ಗಿಸಿ ಸೆರಗಿನಲ್ಲಿ ಮುಖ ಮುಚ್ಚಿ, "ಅಯ್ಯೋ ಅಣ್ಣಾ, ಹೋದ್ಯಾ!" ಎಂದು ಅತ್ತರು.

"ಎಲ್ಲಿಗೆ?" ಎಂದರು ಅಪ್ಪ.

ಅತ್ತೆ ಸೆರಗು ಸರಿಸಿ ನೋಡಿ ಬೆಚ್ಚಿಬಿದ್ದರು. "ನೀನು ಸತ್ತದ್ದಲ್ವಾ?"

"ನನಗೆ ಯಾರೂ ಹೇಳ್ಲಿಲ್ಲ."

ನಾನು ಮನೆ ಮುಟ್ಟುವಾಗ ಅಂಗಳ ತುಂಬ ಜನ. ನಡುವೆ ಕುರ್ಚಿ ಹಾಕಿಸಿಕೊಂಡು ಅಪ್ಪ ಕುಳಿತಿದ್ದರು. "ಬಂದದ್ದು ಬಂದಿರಿ. ಎಂತ ಹೇಳ್ಬೇಕು ಅಂತ ಇದ್ರಿ, ಹೇಳಿ" ಎಂದು ಒಬ್ಬೊಬ್ಬರನ್ನೇ ಎಬ್ಬಿಸುತ್ತಿದ್ದರು. ನಿವೃತ್ತ ಮಾಷ್ಟ್ರು ಕೈಕಟ್ಟಿ ನಿಂತು, "ಒಳ್ಳೇ ಮನುಷ್ಯ, ಯಾರಿಗೂ ಒಂದು ಗಟ್ಟಿ ಮಾತು ಹೇಳಿದವರಲ್ಲ ಅಂತ..." ಎಂದರು. "ಮತ್ತೆ?" ಎಂದು ಅಪ್ಪ ಕೇಳಿದರು. ಬೇಲಿಯ ಜಗಳದಲ್ಲಿ ಮಾತು ಬಿಟ್ಟಿದ್ದ ನೆರೆಯವರ ಸರದಿ ಬಂತು. "ನನಗೆ ಸ್ವಂತ ಅಣ್ಣನ ಹಾಗೆ ಇದ್ರು" ಎಂದರು ಅವರು.

"ಹಾಗಾದ್ರೆ ನಾಳೆ ಬೇಲಿಯನ್ನು ಹಿಂದಕ್ಕೆ ಹಾಕು" ಎಂದರು ಅಪ್ಪ.

ಆಮೇಲೆ ಅವರ ಕಣ್ಣು ನನ್ನ ಬೋಳು ಮುಖದ ಮೇಲೆ ಬಿತ್ತು. "ಅಪ್ಪ ಇರುವಾಗಲೇ ಮೀಸೆ ತೆಗೆಸಿದ್ಯಲ್ಲ!" ಎಂದರು. ನಾನು ತೊದಲುತ್ತಾ ಪಾತ್ರದ ವಿಷಯ ಹೇಳಿದೆ. ಮನೆಯಿಂದ ಹೊರಗೆ ಹಾಕುತ್ತಾರೆಂದೇ ಎಣಿಸಿದ್ದೆ. ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಕೂತರು.

"ಈ ಸಿನಿಮಾ ನಾನು ನೋಡ್ಲೇಬೇಕು. ನಾನು ಹೋದ ಮೇಲೆ ನೀನು ಸರಿಯಾಗಿ ಅಳ್ತೀಯಾ ಇಲ್ವಾ ಅಂತ ಈಗಲೇ ಗೊತ್ತಾದ್ರೆ ಒಳ್ಳೇದು."

ಪುತ್ತೂರಿನ ಟಾಕೀಸಿನಲ್ಲಿ

ಸಿನಿಮಾ ಬಂದಾಗ ಬಿಳಿ ಪಂಚೆ ಉಟ್ಟು, ಇಸ್ತ್ರಿ ಮಾಡಿದ ಶಾಲು ಹೆಗಲಿಗೆ ಹಾಕಿ ಅಪ್ಪ ಬಂದರು. ನನ್ನ ಪಕ್ಕದಲ್ಲೇ ಕುಳಿತರು. ನನಗೆ ರಂಗ ಹತ್ತಿದ ಮೊದಲ ದಿನವೂ ಅಷ್ಟು ಹೆದರಿಕೆ ಆಗಿರಲಿಲ್ಲ. ಮಧ್ಯಂತರದವರೆಗೆ ಅವರು ಆಡಿದ್ದು ಎರಡೇ ಮಾತು. ಪರದೆಯಲ್ಲಿ ದನ ಬಂದಾಗ "ಹಾಲು ಕಮ್ಮಿ" ಎಂದರು. ನಾನು ಬಂದಾಗ "ಅಂಗಿ ಯಾರದ್ದು?" ಎಂದರು. ಇನ್ನು ಇವರಿಂದ ಅಡ್ಡಿಲ್ಲ ಎಂಬ ಮಾತು ಬಂದ ಹಾಗೆಯೇ ಎಂದು ನಾನು ಆಸೆ ಬಿಟ್ಟೆ.

ಆ ದೃಶ್ಯ ಬಂತು. ಪರದೆಯ ಮೇಲೆ ತಂದೆಯನ್ನು ಅಂಗಳದಲ್ಲಿ ಮಲಗಿಸಿದ್ದಾರೆ. ಬೋಳು ಮುಖದ ನಾನು ಕಾಲಿಗೆ ಹಣೆಯಿಟ್ಟು, "ಅಪ್ಪಾ, ಒಂದು ಮಾತಾಡಿ ಅಪ್ಪಾ, ಒಂದೇ ಒಂದು ಮಾತು" ಎಂದು ಅಳುತ್ತಿದ್ದೇನೆ. ಸುತ್ತ ಮೂಗೆಳೆಯುವ ಸದ್ದು ಕೇಳತೊಡಗಿತು.

ಅಪ್ಪ ಎದ್ದು ನಿಂತರು. ಇಡೀ ಟಾಕೀಸಿಗೆ ಕೇಳುವ ಹಾಗೆ ಪರದೆಗೆ ಕೂಗಿ ಹೇಳಿದರು:

"ಅಳ್ಬೇಡ ಮಗಾ! ನಾನು ಇಲ್ಲೇ ಇದ್ದೇನೆ ಮಾರಾಯ!"

ಜನ ಕಣ್ಣೊರಸಿಕೊಂಡು ಹಿಂದೆ ತಿರುಗಿದರು. ಇಷ್ಟು ವರ್ಷ ಕಾದದ್ದಕ್ಕೆ ಇದಕ್ಕಿಂತ ದೊಡ್ಡ ಶಾಲು ಯಾರು ಹೊದೆಸಿಯಾರು? ಅವರ ಕೈ ಹಿಡಿದು, "ಅಪ್ಪಾ, ಕೂತ್ಕೊಳ್ಳಿ. ನಾನು ಇಲ್ಲಿದ್ದೇನೆ" ಎಂದೆ.

ಅಪ್ಪ ನನ್ನ ಕೈ ಕೊಡವಿ ಗದರಿದರು:

"ನೀನು ಸುಮ್ಮನೆ ಕೂತ್ಕೋ! ಅವ ಅಲ್ಲಿ ಅಳುದು ಕಾಣುದಿಲ್ವಾ ನಿನಗೆ?"