ಮಾತಾಡಿಸಲು ಬಂದವರೂ ಕೂಸಿನ ಕೆಂಪೂ

ದುಃಖದಲ್ಲಿರುವ ಮನುಷ್ಯನಿಗೆ ಮೈತುಂಬ ಕೆಲಸವಿರುತ್ತದೆ ಎಂದು ನಾನು ತಿಳಿದಿದ್ದೆ. ಹಾಗೇನಿಲ್ಲ. ಅವ್ವ ತೀರಿಕೊಂಡ ಮೇಲೆ ನನಗೆ ಸಿಕ್ಕ ಕೆಲಸವೆಂದರೆ ಪಡಸಾಲೆಯಲ್ಲಿ ಜಮಖಾನೆ ಹಾಸಿಕೊಂಡು ಕೂರುವುದು. ನಮ್ಮ ದುಂಡಸಿಯ ಕಡೆ ಸಾವಾದ ಮನೆಗೆ ಜನ ಮಾತಾಡಿಸಲು ಬರುತ್ತಾರೆ. ಬಂದವರ ಎದುರು ಮಗನಾದವನು ಕುಳಿತಿರಬೇಕು, ಅಷ್ಟೆ. ಹೆಂಡತಿ ಶಾಂತಾ ಒಲೆಯ ಮುಂದೆ ಚಹಾದ ಮೇಲೆ ಚಹಾ ಕಾಸುತ್ತಿದ್ದಳು. ಹಿರೇಕೆರೂರಿನಿಂದ ಬಂದಿದ್ದ ಅಕ್ಕ ಬಂದ ಹೆಂಗಸರ ಕೊರಳಿಗೆ ಬಿದ್ದು ಅಳುತ್ತಿದ್ದಳು. ಕೈ ಖಾಲಿ ಇದ್ದವನು ನಾನೊಬ್ಬನೇ. ಹೀಗಾಗಿ ಇನ್ನೂ ವರ್ಷ ತುಂಬದ ಮಗಳು ನನ್ನ ತೊಡೆಗೆ ಬಂದಳು.

ಅಲ್ಲಿಯವರೆಗೆ ಅವಳನ್ನು ನೋಡಿಕೊಂಡವಳು ಅವ್ವ. ಒದ್ದೆ ಮಾಡಿಕೊಂಡದ್ದು ಕೂಸಿಗಿಂತ ಮೊದಲು ಅವ್ವನಿಗೆ ತಿಳಿಯುತ್ತಿತ್ತು. ಯಾರ ಜೊತೆಗೋ ಮಾತಾಡುತ್ತಲೇ ಹಳೆಯ ಬಟ್ಟೆ ಎಳೆದು ಹೊಸದು ಕಟ್ಟಿ ಮುಗಿಸುತ್ತಿದ್ದಳು. ನನಗೆ ಆ ವಿದ್ಯೆ ಬಾರದು. ಡೈಪರ್ ಹಾಕಿದೆ. ಬಂದವರೆಲ್ಲ ಕೂಸನ್ನು ಎತ್ತಿಕೊಳ್ಳುವವರೇ. ಅವರ ಧೋತರವೂ ಉಳಿಯಬೇಕಲ್ಲ. ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ದಾಟುತ್ತ ಅವಳು ಮಧ್ಯಾಹ್ನದವರೆಗೂ ಒಂದೇ ಡೈಪರಿನಲ್ಲಿ ಇರುತ್ತಿದ್ದಳು. ಒಂದು ದಿನ ಬಿಚ್ಚಿ ನೋಡಿದರೆ ಹಿಂಭಾಗ, ತೊಡೆಸಂದಿ ಎಲ್ಲ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ. ನೀರು ತಾಗಿದರೆ ಸಾಕು, ಉಸಿರು ಕಟ್ಟುವಂತೆ ಚೀರುತ್ತಿದ್ದಳು.

ಸಾವಿನ ಮನೆಯಲ್ಲಿ ಕೂಸು ಅತ್ತರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ. "ಅಜ್ಜಿನ್ನ ನೆನಸ್ಕೊಂಡು ಅಳಾಕತ್ತೈತಿ ನೋಡ್ರಿ ಕೂಸು," ಎಂದು ಯಾರೋ ಅಂದರು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಅಳು ಅಜ್ಜಿಯದಲ್ಲ, ಕುಂಡೆಯದು ಎಂದು ಅಂಥ ಹೊತ್ತಿನಲ್ಲಿ ಹೇಗೆ ಹೇಳಲಿ? ನಾನೂ ತಲೆ ತಗ್ಗಿಸಿ ಕುಳಿತೆ. ಕೊನೆಗೆ ಹೇಳಿದವಳು ಚಿಗವ್ವ. ಅವ್ವನ ತಂಗಿ, ತಡಸದವಳು. ಕೂಸನ್ನು ಬೋರಲು ಹಾಕಿಕೊಂಡು ನೋಡಿದವಳೇ, "ಅಯ್ಯ, ಇದರ ಚರ್ಮಾನ ಸುಲದ ಬಂದೈತಲ್ಲೋ!" ಎಂದು ಕೂಗಿದಳು.

ಅಂದಿನಿಂದ ನಮ್ಮ ಮನೆಯ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ ಬಂದವರು ಏನು ಹೇಳಬೇಕೆಂದು ತಿಳಿಯದೆ ಜಮಖಾನೆಯ ಎಳೆ ಕೀಳುತ್ತ ಕೂರುತ್ತಿದ್ದರು. ಈಗ ಎಲ್ಲರಿಗೂ ಮಾತು ಸಿಕ್ಕಿತು.

"ಅರಿಷಿಣ ಹಚ್ಚೋ, ಮಾಯ್ತೈತಿ," ಎಂದರು ಹಿರೇಬೆಂಡಿಗೇರಿಯ ದೊಡ್ಡಪ್ಪ.

"ಅರಿಷಿಣಾ? ಕೂಸಿನ ಮದಿವಿ ಮಾಡಾಕತ್ತೀರೇನು? ಕೊಬ್ಬರಿ ಎಣ್ಣಿ ಹಚ್ಚಲಿ," ಎಂದಳು ಚಿಗವ್ವ.

"ಎಣ್ಣಿ ಹಚ್ಚಿ ಮ್ಯಾಲ ಪೌಡರ್ ಉದರಿಸ್ರಿ," ಎಂದಳು ಪಕ್ಕದ ಮನೆಯಾಕೆ.

ಇಲ್ಲಿ ಒಂದು ತೊಡಕಿತ್ತು. ಸಾವಾದ ಮನೆಯಿಂದ ಎದ್ದು ಹೋಗುವವರು "ಹೋಗಿ ಬರ್ತೇನಿ" ಎನ್ನುವಂತಿಲ್ಲ. ಅಂಥ ಕಾರ್ಯಕ್ಕೆ ಮತ್ತೆ ಬರುವ ಪ್ರಸಂಗ ಯಾರಿಗೂ ಬೇಡ ಎಂದು ನಮ್ಮಲ್ಲಿ ಮಾತಿಲ್ಲದೆ ಎದ್ದು ನಡೆಯುವುದೇ ರೂಢಿ. ಔಷಧ ಹೇಳಿದವರ ಕಡೆ ತಿರುಗಿ, "ದಿನಕ್ಕ ಎಷ್ಟ ಸಲ ಹಚ್ಚಬೇಕ್ರಿ?" ಎಂದು ಕೇಳುವಷ್ಟರಲ್ಲಿ ಅವರು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿರುತ್ತಿದ್ದರು. ಸಮಾಧಾನ ಹೇಳಲು ಬಂದವರ ಮಾತು ಮೀರುವುದು ಸರಿಯಲ್ಲವೆಂದು ನಾನು ಎಲ್ಲವನ್ನೂ, ಅಂದಾಜಿನ ಮೇಲೆ, ಒಂದರ ಮೇಲೊಂದು ಹಚ್ಚಿದೆ. ಕೂಸಿನ ಚೀರಾಟ ಇನ್ನೂ ಹೆಚ್ಚಾಯಿತು. ಶಾಂತಾ ಚಹಾದ ಪಾತ್ರೆ ಇಳಿಸಿ, "ಇನ್ನ ಯಾರ ಮಾತೂ ಕೇಳಬ್ಯಾಡ್ರಿ. ಶಿಗ್ಗಾಂವಿಗೆ ಹೋಗೂಣ, ಏಳ್ರಿ," ಎಂದಳು.

ಶಿಗ್ಗಾಂವಿಯ ಲೇಡಿ ಡಾಕ್ಟರು ಕೂಸನ್ನು ನೋಡಿ, "ಏನೇನ್ ಹಚ್ಚೀರಿ?" ಎಂದರು. ಒಂದೊಂದಾಗಿ ಹೇಳಿದೆ.

"ಒಗ್ಗರಣಿ ಒಂದ ಕೊಟ್ಟಿಲ್ಲ ನೋಡ್ರಿ ನೀವು," ಎಂದರು. ಆಮೇಲೆ ಶಾಂತವಾಗಿ ಹೇಳಿದರು, "ಅರಿಷಿಣ, ಪೌಡರ್ ಎಲ್ಲಾ ಬಂದ್ ಮಾಡ್ರಿ. ಒದ್ದಿ ಆದ ಕೂಡ್ಲೇ ಬದಲಿ ಮಾಡ್ರಿ. ಬರೇ ನೀರಿಲೆ ತೊಳದು, ತಿಕ್ಕಬ್ಯಾಡ್ರಿ, ಮೆತ್ತಗ ಒತ್ತಿ ಒರಸ್ರಿ. ಪ್ರತಿ ಸಲ ಈ ಬಿಳಿ ಮುಲಾಮ್ ಹಚ್ರಿ. ಆದಷ್ಟು ಹೊತ್ತು ಏನೂ ಕಟ್ಟದ ಗಾಳಿಗೆ ಬಿಡ್ರಿ. ಎರಡ್ಮೂರು ದಿನದಾಗ ಕಡಿಮಿ ಆಗದಿದ್ರ, ಗುಳ್ಳಿ ಎದ್ರ, ಜ್ವರ ಬಂದ್ರ ಮತ್ತ ಕರಕೊಂಡ ಬರ್ರಿ. ಮನ್ಯಾಗ ಹಿರೇ ಹೆಣಮಕ್ಕಳು ಯಾರೂ ಇಲ್ಲೇನ್ರಿ?"

"ಮೊನ್ನಿ ತನಕ ಇದ್ರರಿ," ಎಂದೆ.

ಅವರು ಮುಲಾಮಿನ ಹೆಸರನ್ನು ಎಂದಿಗಿಂತ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರೆಂದು ನನಗನ್ನಿಸಿತು.

ಗಾಳಿಗೆ ಬಿಡುವುದೆಂದರೆ, ಜನ ತುಂಬಿದ ಪಡಸಾಲೆಯಲ್ಲಿ ಕೂಸು ಬರಿ ಮೈಯಲ್ಲಿ ಅಂಬೆಗಾಲಿಡುವುದು. ಮರುದಿನ ದೊಡ್ಡಪ್ಪ ಮತ್ತೆ ಬಂದರು. ಕೂಸನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಅವ್ವನ ಗುಣ ಹೇಳತೊಡಗಿದರು. "ಅಂಥಾ ಹೆಣಮಗಳು ಈ ಸೀಮಿಯೊಳಗ ಇನ್ನೊಬ್ಬಾಕಿ..." ಎನ್ನುವಷ್ಟರಲ್ಲಿ ಇಸ್ತ್ರಿ ಮಾಡಿದ ಧೋತರದ ಮೇಲೆ ಬೆಚ್ಚಗೆ ಹರಿಯಿತು. ದೊಡ್ಡಪ್ಪ ಕೆಳಗೆ ನೋಡಿಕೊಂಡರು, ಕೂಸನ್ನು ನೋಡಿದರು. "ಇರ್ಲಿ ಬಿಡ. ನಾ ಮಾತಿನಾಗ ಎಲ್ಲಿಗೆ ಬಂದಿದ್ನಿ?" ಎಂದರು. ಅಳುತ್ತ ಕುಳಿತಿದ್ದ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅವಳ ಹಿಂದೆ ಎಲ್ಲರೂ ನಕ್ಕರು. ನಾನು ನಗಲು ಹೋಗಿ, ಅವ್ವ ಹೋದ ಮೇಲೆ ಮೊದಲ ಸಲ ಸರಿಯಾಗಿ ಅತ್ತೆ. ಡೈಪರ್ ಇಲ್ಲದ್ದರ ಲಾಭ ಕೂಸಿಗೂ ನನಗೂ ಆಯಿತು.

ಕಾರ್ಯ ಮುಗಿಯಿತು. ಅಕ್ಕ ಹಿರೇಕೆರೂರಿಗೆ ಹೋದಳು. ಜಮಖಾನೆ ಝಾಡಿಸಿ ಮಡಿಚಿಟ್ಟೆವು. ಮಗಳ ಮೈ ಕೆಂಪಿಳಿದು, ಸಿಪ್ಪೆ ಸುಲಿದು, ಬೆಣ್ಣೆಯ ಹಾಗೆ ನುಣುಪಾಯಿತು. ಮನೆ ಎಷ್ಟು ಸುಮ್ಮನಾಯಿತೆಂದರೆ, ಗೋಡೆಯ ಗಡಿಯಾರ ಇಷ್ಟು ಸದ್ದು ಮಾಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ನಿನ್ನೆ ಚಿಗವ್ವನ ಫೋನು ಬಂತು. "ಕೂಸಿಗೆ ಆರಾಮಾತೇನು?"

ಅವಳಿಗೆ ಅವ್ವನದೇ ದನಿ. ಮಗಳು ಎದುರಿಗೇ ಉಚ್ಚೆಯ ಮಡುವಿನಲ್ಲಿ ಕೈ ಬಡಿಯುತ್ತ ನಗುತ್ತಿದ್ದಳು.

"ಇಲ್ಲ ಚಿಗವ್ವ," ಎಂದೆ, "ಇನ್ನೂ ಒಂಚೂರು ಕೆಂಪ ಐತಿ."

"ನಿನಗ ಬುದ್ಧಿ ಯಾವಾಗ ಬರ್ತೈತೋ! ಯಾರರ ಏನರ ಹೇಳಿದ್ರ ಹಚ್ಚಿಬಿಡ್ತಿ. ಹೊಲಸ ಡೈಪರ್ ಮತ್ತ ಹಾಕಿರಬೇಕ ನೀ. ಏನೂ ಮುಟ್ಟಬ್ಯಾಡ, ನಾಳೆ ಮುಂಜಾನಿ ಮೊದಲ್ನೇ ಬಸ್ ಹಿಡಿತೇನಿ." ಇನ್ನೂ ಬಹಳ ಹೊತ್ತು ಬೈದಳು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಒಂದಕ್ಷರವನ್ನೂ ಬಿಡದೆ ಕೇಳಿದೆ.

"ಸುಳ್ಳ ಯಾಕ ಹೇಳಿದ್ರಿ?" ಎಂದಳು ಶಾಂತಾ.

ಚಿಗವ್ವ ಬಸ್ಸಿಳಿಯುವಷ್ಟರಲ್ಲಿ ಮಗಳ ಮೈಮೇಲೆ ಎಲ್ಲಾದರೂ ಒಂದಿಷ್ಟು ಕೆಂಪು ಹುಡುಕಬೇಕು. ಎದ್ದಾಗಿನಿಂದ ಮಗುಚಿ ಮಗುಚಿ ನೋಡುತ್ತಿದ್ದೇನೆ, ಸಿಗುತ್ತಿಲ್ಲ.