ಕೂಡುಹುಬ್ಬಿಗೆ ತಗುಲಿದ ಖರ್ಚು

ನನ್ನ ಹಳೆಯ ಡೈರಿಯಲ್ಲಿ ನಾಗರ ಪಂಚಮಿಯ ಮರುದಿನದ ಪುಟದಲ್ಲಿ ಹೀಗಿದೆ: ‘ಹುಬ್ಬು ತೆಗೆದೆ. ಚೆನ್ನಾಗಿ ಬಂದಿದೆ. ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ.’ ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅಂದಿನಿಂದ ನಮ್ಮ ಮನೆತನದ ಹೆಂಗಸರ ಹುಬ್ಬಿಗೆ ಏನಾದರೊಂದು ಆಗುತ್ತಲೇ ಬಂದಿದೆ. ಹೋದ ಬೇಸಿಗೆಯಲ್ಲಂತೂ ಹುಬ್ಬಿನ ಕಾರಣಕ್ಕೆ ಮೊಮ್ಮಗಳ ಸಂಬಂಧವೇ ತಪ್ಪುವುದಿತ್ತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಏನನ್ನೇ ಆಗಲಿ ಮೊದಲಿನಿಂದ ಬರೆಯುವುದು ನನ್ನ ರೂಢಿ.

ದಾರದೆಳೆ

ಆ ಕಾಲಕ್ಕೆ ಹುಬ್ಬು ದಾರದ ಎಳೆಯಂತಿರಬೇಕಿತ್ತು. ಮೇಲಕ್ಕೇರಿ, ಕಮಾನಿನಂತೆ ಬಾಗಿ, ಕಿವಿಯ ಕಡೆ ಇಳಿಯಬೇಕು. ನೋಡಿದವರಿಗೆ ‘ಈಕೆಗೆ ಯಾರೋ ಏನೋ ಕೆಟ್ಟ ಸುದ್ದಿ ಹೇಳಿದ್ದಾರೆ’ ಅನ್ನಿಸಬೇಕು. ಹಾಸ್ಟೆಲಿನ ಗೆಳತಿಯ ಚಿಮಟ ಇಸಿದುಕೊಂಡು ಬಂದು, ಮಸ್ಕಿಯ ತವರುಮನೆಯ ಹಿತ್ತಲಲ್ಲಿ ಕನ್ನಡಿ ಹಿಡಿದು ಕೂತು ಕೆಲಸ ಮುಗಿಸಿದೆ.

ಊಟಕ್ಕೆ ಕೂತಾಗ ಆಯಿ, ಅಂದರೆ ಅಪ್ಪನ ತಾಯಿ, ನನ್ನ ಮುಖ ನೋಡಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

“ಒಲಿ ಊದಾಕ ಹೋಗಿದ್ದೇನ ಬೇ? ಸುಟ್ಟಾವಲ್ಲ!”

“ಇಲ್ಲ ಆಯಿ. ಫ್ಯಾಶನ್ ಅದು.”

“ಹಂಗಾದ್ರ ಕೊಬ್ಬರಿ ಎಣ್ಣಿ ಹಚ್ಚು. ಎರಡು ದಿನದಾಗ ಇಳೀತೈತಿ.”

ಹಚ್ಚಿದೆ. ಫ್ಯಾಶನ್ ಇಳಿಯಲು ಹತ್ತು ವರ್ಷ ಹಿಡಿಯಿತು. ಹುಬ್ಬು ಇನ್ನೂ ಬಂದಿಲ್ಲ.

ಒಂದೇ ಕಡೆಯ ಫೋಟೋ

ಬಾರದ ಹುಬ್ಬನ್ನು ಅಂದಿನಿಂದ ದಿನವೂ ಪೆನ್ಸಿಲ್ಲಿನಿಂದ ತಿದ್ದಿಕೊಳ್ಳುತ್ತೇನೆ. ಚಳಿಗಾಲದಲ್ಲಿ ತೊಂದರೆಯಿಲ್ಲ. ನಾದಿನಿಯ ಮದುವೆ ಮಾತ್ರ ಬೇಸಿಗೆಯಲ್ಲಿತ್ತು, ಅದೂ ಲಿಂಗಸುಗೂರಿನಲ್ಲಿ. ಅಕ್ಕಿಕಾಳು ಬೀಳುವ ಹೊತ್ತಿಗೆ ನಾನು ಕರವಸ್ತ್ರದಿಂದ ಹಣೆ ಒರೆಸಿಕೊಂಡೆ. ಬಲಹುಬ್ಬು ಕರವಸ್ತ್ರಕ್ಕೆ ಬಂತು.

ಫೋಟೋದವನು ಕ್ಯಾಮೆರಾ ಇಳಿಸಿದ. “ಅಕ್ಕಾರ, ಸ್ವಲ್ಪ ಬಲಕ್ಕ ತಿರುಗ್ರಿ.”

ತಿರುಗಿದೆ.

“ಇನ್ನಾ ಸ್ವಲ್ಪ ರೀ... ಇನ್ನಾ ಸ್ವಲ್ಪ...”

ಬೀಗರಿಗೆ ಪೂರ್ತಿ ಬೆನ್ನಾದ ಮೇಲೆ “ಹಾಂ, ಬರೋಬ್ಬರಿ” ಅಂದ. ಆಲ್ಬಮ್ಮಿನ ಎಲ್ಲ ಪುಟದಲ್ಲೂ ನಾನು ನಾಣ್ಯದ ಮೇಲಿನ ರಾಜನಂತೆ ಒಂದೇ ಕಡೆ ನೋಡುತ್ತಿದ್ದೇನೆ. ನಾದಿನಿಯ ಅತ್ತೆ ಇವತ್ತಿಗೂ ಬಂದವರಿಗೆ ಅದನ್ನು ತೋರಿಸುತ್ತಾರಂತೆ: “ಈಕಿ ಭಾಳ ಓದಿದಾಕಿ. ನಮ್ಮ ಕಡಿ ತಿರುಗಿ ಸೈತ ನೋಡಿಲ್ಲ.”

ಗೊರೇಬಾಳದ ತಂಗಿ

ಹುಬ್ಬು ತಿದ್ದುವುದಕ್ಕೆ ಒಂದು ಕ್ರಮವಿದೆ. ಪೆನ್ಸಿಲ್ಲನ್ನು ಮೂಗಿನ ಪಕ್ಕಕ್ಕೆ ನೆಟ್ಟಗೆ ಹಿಡಿಯಬೇಕು. ಅದು ಮುಟ್ಟಿದಲ್ಲಿ ಹುಬ್ಬು ಶುರು. ಅಲ್ಲಿಂದಲೇ ಕಣ್ಣಿನ ಹೊರತುದಿಗೆ ಓರೆ ಮಾಡಿದರೆ ಮುಟ್ಟಿದಲ್ಲಿ ಮುಗಿತಾಯ. ನಡುವೆ, ಕಣ್ಣುಗುಡ್ಡೆಯ ಹೊರ ಅಂಚಿನ ಮೇಲೆ ಕಮಾನು. ಕೆಳಗಿನ ಕೂದಲನ್ನಷ್ಟೇ, ಬೆಳೆದ ದಿಕ್ಕಿನಲ್ಲಿ, ಒಂದೊಂದಾಗಿ ಕೀಳಬೇಕು. ಇಷ್ಟನ್ನೂ ಗೊರೇಬಾಳದಲ್ಲಿರುವ ತಂಗಿಗೆ ಫೋನಿನಲ್ಲಿ ಹೇಳಿಕೊಟ್ಟೆ.

ಸ್ವಲ್ಪ ಹೊತ್ತಿಗೆ ಫೋನ್ ಬಂತು. “ಅಕ್ಕಾ, ಎಡಗಡೀದು ದಪ್ಪ ಕಾಣತೈತಿ.”

“ಎರಡು ಕೂದಲು ತೆಗಿ.”

ಮತ್ತೆ ಫೋನ್. “ಈಗ ಬಲಗಡೀದು ದಪ್ಪ ಕಾಣಾಕತ್ತೈತಿ.”

“ಅದರಾಗ ಎರಡು ತೆಗಿ. ದೂರ ನಿಂತು ನೋಡು.”

ಮಂಗ ಬೆಣ್ಣೆ ಪಾಲು ಮಾಡಿದಂತೆ ಇದು ಮಧ್ಯಾಹ್ನದವರೆಗೂ ನಡೆಯಿತು. ಕೊನೆಗೆ ತಂಗಿ ಸಮಾಧಾನದಿಂದ ಹೇಳಿದಳು: “ಅಕ್ಕಾ, ಎರಡೂ ಸಮ ಆದವು.”

“ಹ್ಯಾಂಗ ಕಾಣತಾವ?”

“ಕಾಣಂಗಿಲ್ಲ.”

ಕೂಡುಹುಬ್ಬು

ಈಗ ಮೊಮ್ಮಗಳ ಸಂಗತಿ. ಅವಳದು ಹುಟ್ಟಿನಿಂದ ಕೂಡುಹುಬ್ಬು. ಲಿಂಗಸುಗೂರಿನ ಒಂದು ಮನೆತನದಿಂದ ಸಂಬಂಧ ಬಂತು. ಹುಡುಗ ಇವಳ ಮನಸ್ಸಿಗೆ ಬಂದಿದ್ದ. ಫೋನಿನಲ್ಲಿ ಮಾತಾಡುವಾಗ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಅಷ್ಟು ಸಾಕು ನಮಗೆ ತಿಳಿಯಲು. ಕನ್ಯಾ ನೋಡಲು ಬರುವ ಹಿಂದಿನ ದಿನ ನನ್ನ ಸೊಸೆ ಅವಳನ್ನು ಸಿಂಧನೂರಿನ ಪಾರ್ಲರಿಗೆ ಕರೆದೊಯ್ದು ಕೂಡನ್ನು ಬಿಡಿಸಿಕೊಂಡು ಬಂದಳು. ಚೆನ್ನಾಗಿಯೇ ಮಾಡಿದ್ದರು.

ಮರುದಿನ ಬೆಳಗ್ಗೆ ಸಂಬಂಧ ತಂದ ಹಿರಿಯರ ಫೋನ್. “ಅಮ್ಮಾರ, ಹುಡುಗನ ಅಜ್ಜಿ ಸಂಬಂಧಕ್ಕ ಹೂಂ ಅಂದಿದ್ದ ಫೋಟೋದಾಗ ಆ ಕೂಡುಹುಬ್ಬು ನೋಡಿ. ಕೂಡುಹುಬ್ಬಿನ ಸೊಸಿ ಬಂದ್ರ ಮನಿ ಒಡಿಯಂಗಿಲ್ಲ ಅಂತಾರ. ಅವರದೂ ಕೂಡುಹುಬ್ಬ ಐತಿ ನೋಡ್ರಿ. ಮೂರು ಮಂದಿ ಗಂಡುಮಕ್ಕಳಿದ್ದರೂ ಇನ್ನಾ ಒಂದ ಒಲಿ!”

ಸೊಸೆ ನೆಲಕ್ಕೆ ಕೂತಳು. ಮೊಮ್ಮಗಳು ಅತ್ತಳು. ನಾನು ಪೆನ್ಸಿಲ್ ತಂದೆ.

“ಅಳಬ್ಯಾಡ, ಒದ್ದಿ ಆದ್ರ ಹತ್ತಂಗಿಲ್ಲ” ಎಂದು ಗದರಿಸಿ, ಕೂದಲಿಗೊಂದು ಗೆರೆಯಂತೆ ಎಳೆದೆ. ದೇವರು ಮಾಡಿದ್ದಕ್ಕಿಂತ ನೀಟಾಗಿತ್ತು.

ಅವರು ಬಂದರು. ಅಜ್ಜಿ ನಿಜಕ್ಕೂ ಠೀವಿಯ ಹೆಂಗಸು. ಹುಬ್ಬು ಒಂದು ಕಿವಿಯಿಂದ ಹೊರಟು ಇನ್ನೊಂದು ಕಿವಿಯವರೆಗೆ ತಡೆಯಿಲ್ಲದೆ ಹೋಗಿತ್ತು. ಅವಲಕ್ಕಿ, ಚಹಾ ಆಯಿತು. ಕರೆಂಟ್ ಹೋಗಿ ಫ್ಯಾನ್ ನಿಂತಿತು. ಅಜ್ಜಿ ನನ್ನ ಮೊಮ್ಮಗಳನ್ನು ಹತ್ತಿರ ಕೂಡಿಸಿಕೊಂಡು ಮೆಚ್ಚುಗೆಯಿಂದ ಕುಂಕುಮ ಹಚ್ಚಿದರು. ಬೆರಳು ತೆಗೆದರೆ ಅರ್ಧ ಕೆಂಪು, ಅರ್ಧ ಕಪ್ಪು.

ಅವರು ಬೆರಳು ನೋಡಿದರು. ನನ್ನನ್ನು ನೋಡಿದರು. ಬೋಳಾದ ಜಾಗದ ಮೇಲೆ ಇನ್ನೊಂದು ಚಿಟಿಕೆ ಕುಂಕುಮ ಒತ್ತಿ ಮುಚ್ಚಿ ಎದ್ದರು. “ಕೈ ತೊಳಕೋಬೇಕಾಗಿತ್ತು. ನೀವ ಬರ್ರಿ.”

ಬಚ್ಚಲಿಗೆ ಕರೆದೊಯ್ದೆ. ಸಂಬಂಧ ಹೋಯಿತೆಂದೇ ತಿಳಿದಿದ್ದೆ. ಅವರು ಬಾಗಿಲು ಮುಂದೆ ಮಾಡಿ, ಕೈಯ ಬದಲು ಮುಖ ತೊಳೆದು, ಸೆರಗಿನಿಂದ ಒರೆಸಿಕೊಂಡು ನನ್ನ ಕಡೆ ತಿರುಗಿದರು. ಎರಡು ಹುಬ್ಬಿನ ನಡುವೆ ಬೆರಳಗಲ ಜಾಗ ಸಾಫ್ ಆಗಿತ್ತು.

“ನನ್ನ ನೋಡಾಕ ಬಂದಾಗ ನಮ್ಮವ್ವ ಕಾಡಿಗೀಲೆ ಕೂಡಿಸಿದ್ಲು” ಎಂದರು. “ನಮ್ಮತ್ತಿಗೆ ಭಾಳ ಹಿಡಿಸಿತು. ಅವತ್ತಿಂದ ದಿನಾ ಕೂಡಸಾಕತ್ತೀನಿ. ಬಿಟ್ರ ಮನಿ ಒಡೀತೈತೇನೋ ಅಂತ ಅಂಜಿಕಿ.” ಆಮೇಲೆ ದನಿ ತಗ್ಗಿಸಿದರು: “ಕಾಡಿಗಿ ಬ್ಯಾಸಗ್ಯಾಗ ನಿಂದರಂಗಿಲ್ಲ ರೀ. ನಿಮ್ಮದು ಯಾವುದು?”

ಪೆನ್ಸಿಲ್ ಕೊಟ್ಟೆ. ನಮ್ಮ ಬಚ್ಚಲ ಕನ್ನಡಿಯಲ್ಲಿ ಅವರು ಎರಡೇ ಗೆರೆಯಲ್ಲಿ ಮುಗಿಸಿದರು. ನನಗಿಂತ ಪಳಗಿದ ಕೈ.

ಹೊರಗೆ ಬಂದು, ಕೂತಿದ್ದ ಗಂಡಸರ ನಡುವೆ ನಿಂತು ಹೇಳಿದರು: “ಹುಡುಗಿ ಹುಬ್ಬು ಥೇಟ್ ನಂದಿದ್ದಂಗ ಐತಿ. ಒಪ್ಪಿಗಿ.”

ಅದು ಖರೇ ಇತ್ತು. ಉಳಿದಿದ್ದ ಅರ್ಧ ಪೆನ್ಸಿಲ್ ಅವರ ಎಲೆಯಡಿಕೆ ಸಂಚಿಯಲ್ಲಿ ಲಿಂಗಸುಗೂರಿಗೆ ಹೋಯಿತು. ಕೇಳಲು ಬಾಯಿ ಬರಲಿಲ್ಲ. ಮರುದಿನ ಅಂಗಡಿ ತೆರೆಯುವವರೆಗೆ ನಾನು ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು ಕೂತಿದ್ದೆ. ಓಣಿಯವರು ನನಗೆ ವಯಸ್ಸಾದ ಮೇಲೆ ಮರ್ಯಾದೆ ಬಂತೆಂದು ಮಾತಾಡಿಕೊಂಡರು. ಮೊಮ್ಮಗಳ ಹುಬ್ಬು ಮದುವೆಯ ಹೊತ್ತಿಗೆ ತಾನೇ ಕೂಡಿತು.

ಡೈರಿಯಲ್ಲಿ ಆ ಎರಡು ದಿನದ ಖರ್ಚು ಬರೆದಿದ್ದೇನೆ. ಸಿಂಧನೂರಿಗೆ ಬಸ್ಸು, ಹೆಂಗಸರಿಗೆ ಪುಕ್ಕಟೆ. ಹುಬ್ಬು ಬೇರೆ ಮಾಡಿಸಲು ಐವತ್ತು ರೂಪಾಯಿ. ಕೂಡಿಸಲು ಅರ್ಧ ಪೆನ್ಸಿಲ್.